ಅತ್ತೆಯ ಕಾಲಬುಡದ ಫ್ಯೂಸ್ ಬಾಕ್ಸ್

ರಾಯ್ಸ್‌ಗೆ ಮದುವೆಯಾಗಿ ಎಂಟು ವರ್ಷ. ಈ ಎಂಟು ವರ್ಷಗಳಲ್ಲಿ ಅವನು ಅತ್ತೆ ಆರ್ಡಿಸ್ ಜೊತೆ ಒಂದೇ ಒಂದು ಮಾತೂ ಆಡಿರಲಿಲ್ಲ. ಮುಖ ಎತ್ತಿ ನೋಡಿಯೂ ಇರಲಿಲ್ಲ. ಜಗಳವೇನಿಲ್ಲ. ಜಗಳವಾಗಿದ್ದರೆ ಬೈದುಕೊಳ್ಳುವುದಕ್ಕಾದರೂ ಬಾಯಿ ಬಿಡಬಹುದಿತ್ತು. ಇದು ಮರ್ಯಾದೆ. ಅಮೆರಿಕದ ಮೂಲನಿವಾಸಿಗಳಾದ ಲಕೋಟ ಜನರಲ್ಲಿ, ಹಳೆಯ ರೀತಿ ಬಿಡದ ಮನೆಗಳಲ್ಲಿ ಇವತ್ತಿಗೂ ಹೀಗೇ. ಅಳಿಯ ಅತ್ತೆಯ ಜೊತೆ ನೇರವಾಗಿ ಮಾತಾಡುವುದಿಲ್ಲ, ಅತ್ತೆ ಅಳಿಯನ ಕಡೆ ತಿರುಗುವುದಿಲ್ಲ. ಏನಾದರೂ ಹೇಳಬೇಕೆಂದರೆ ಮಧ್ಯೆ ಒಬ್ಬರು ಬೇಕು.

ಆ ಮಧ್ಯದವಳು ಯಾವಾಗಲೂ ರಾಯ್ಸ್‌ನ ಹೆಂಡತಿ ಲವೋನ್. ಊಟಕ್ಕೆ ಕೂತಾಗ ಆರ್ಡಿಸ್ ಮಗಳ ಕಡೆ ನೋಡಿ "ನಿನ್ ಗಂಡನಿಗೆ ಇನ್ನೊಂದ್ ಸೌಟು ಸಾರು ಬೇಕೇನೋ ಕೇಳು" ಅನ್ನುತ್ತಾಳೆ. ಗಂಡ ಒಂದು ಮೊಳ ದೂರದಲ್ಲೇ ಕೂತಿರುತ್ತಾನೆ. ಅವನೂ ಹೆಂಡತಿಯ ಕಡೆ ನೋಡಿ "ಸಾಕು ಅಂತ ಹೇಳು" ಅನ್ನುತ್ತಾನೆ. "ನಾನೇನು ನಿಮ್ಮಿಬ್ಬರಿಗೆ ಟೆಲಿಫೋನ್ ಕಂಬಾನಾ?" ಅಂತ ಲವೋನ್ ದಿನಾ ಗೊಣಗುತ್ತಾಳೆ.

ಇವತ್ತು ಆ ಕಂಬವೂ ಇಲ್ಲ. ಶಾಲೆ ಶುರುವಾಗಿ ಹತ್ತು ದಿನವಾಗಿತ್ತು, ಲವೋನ್ ಸ್ಕೂಲ್ ಬಸ್ಸು ಓಡಿಸುವವಳು. ಹಾಗಾಗಿ ಪಿಕಪ್ಪಿನ ಮಧ್ಯದ ಸೀಟಿನಲ್ಲಿ ನಾಯಿಯನ್ನು ಕೂರಿಸಿಕೊಂಡಿದ್ದರು. ನಾಯಿಯ ಹೆಸರು ಬಲೋನಿ. ಮರಿಯಿದ್ದಾಗ ಒಂದಿಡೀ ಪೊಟ್ಟಣ ಬಲೋನಿ ಮಾಂಸವನ್ನು ಪ್ಲಾಸ್ಟಿಕ್ ಸಮೇತ ನುಂಗಿ ಬದುಕಿಕೊಂಡ ಖ್ಯಾತಿ ಅದರದು.

"ಬಲೋನಿ, ಹೊರಡೋಣ್ವಾ ಅಂತ ಕೇಳು" ಎಂದಳು ಆರ್ಡಿಸ್, ಸ್ಟಿಯರಿಂಗ್ ಹಿಡಿದು ನೇರ ಎದುರಿಗೇ ನೋಡುತ್ತ.

"ಬಲೋನಿ, ರೆಡಿ ಅಂತ ಹೇಳಪ್ಪ ಮಕ್ಕಳ ಅಜ್ಜಿಗೆ" ಎಂದ ರಾಯ್ಸ್, ಕಿಟಕಿಯ ಕಡೆ ಮುಖ ಮಾಡಿ.

ನಾಯಿ ಇಬ್ಬರನ್ನೂ ನೋಡಿ ಆಕಳಿಸಿತು.

ಪಿಕಪ್ಪು ಎಂಬತ್ತೇಳನೇ ಇಸವಿಯದು. ಆರ್ಡಿಸ್‌ಳ ಗಂಡ ಕ್ಲೆಮೆಂಟ್ ಇದ್ದಾಗ ಕೊಂಡದ್ದು. ಅವನು ಹೋಗಿ ಐದು ವರ್ಷವಾದರೂ ಅದರಲ್ಲೇ ಅವಳು ತನ್ನ ಬೈಸನ್ ಹಿಂಡನ್ನು, ಆ ದೊಡ್ಡ ಭುಜದ ಕಾಡೆಮ್ಮೆಗಳನ್ನು, ನೋಡಿಕೊಳ್ಳುತ್ತಿದ್ದಳು. ಹಿಂಭಾಗದಲ್ಲಿ ಹಿಂಡಿಯ ಡಬ್ಬ, ತಲೆಯ ಮೇಲೆ ಹರಾಜಿನಲ್ಲಿ ಸಿಕ್ಕ ಬೆಂಕಿ ಆರಿಸುವ ಹಳೆಯ ಗಾಡಿಯ ಸೈರನ್. ಸೈರನ್ ಊದಿದರೆ ಸಾಕು, ಎರಡು ಮೈಲಿ ದೂರದಲ್ಲಿದ್ದರೂ ಹಿಂಡು ಓಡಿಬರುತ್ತದೆ, ಹಿಂಡಿ ಸಿಗುತ್ತದೆ ಅಂತ. ರಾಯ್ಸ್ ಕೂತಿದ್ದ ಬಲಗಡೆಯ ಬಾಗಿಲಿಗೆ ಒಳಗಿನ ಹಿಡಿ ಮುರಿದುಹೋಗಿತ್ತು. ಕಿಟಕಿ ಇಳಿಸಿ, ಕೈ ಹೊರಗೆ ಹಾಕಿ, ಹೊರಗಿನಿಂದ ತೆಗೆದುಕೊಳ್ಳಬೇಕು. ಆ ಕಿಟಕಿಯೋ ಕರೆಂಟಿನದು, ಗುಂಡಿ ಒತ್ತಿದರೆ ಇಳಿಯುವಂಥದ್ದು.

ಈಗ ತಿಂಗಳಿಂದ ಗಾಡಿಗೆ ಒಂದು ಕಾಯಿಲೆ. ಓಡುತ್ತ ಓಡುತ್ತ ಟಕ್ ಅಂತ ಆರಿಹೋಗುವುದು. ಡ್ಯಾಶ್‌ಬೋರ್ಡು ಕತ್ತಲು, ಹಾರ್ನಿಲ್ಲ, ಏನಿಲ್ಲ. ಎರಡು ನಿಮಿಷ ಬಿಟ್ಟು ತಾನೇ ಸರಿಯಾಗುವುದು. ರಾಯ್ಸ್ ಊರಿನ ಗಾಡಿಗಳಿಗೆಲ್ಲ ಡಾಕ್ಟರು. ಎರಡು ಶನಿವಾರ ಅತ್ತೆಯ ಅಂಗಳದಲ್ಲಿ ಬಾನೆಟ್ಟಿನೊಳಗೆ ಅರ್ಧ ದೇಹ ಇಳಿಸಿಕೊಂಡು ನಿಂತಿದ್ದ. ಬ್ಯಾಟರಿ ಗಟ್ಟಿ. ಟರ್ಮಿನಲ್ಲು ಉಜ್ಜಿದ. ಅರ್ಥ್ ತಂತಿ ಹೊಸದು ಹಾಕಿದ. ಆಲ್ಟರ್ನೇಟರು ನೋಡಿದ. ಕಾಯಿಲೆ ಸಿಗಲಿಲ್ಲ. ನಿಂತ ಗಾಡಿ ಆರುವುದೇ ಇಲ್ಲ, ಕುಲುಕಿದರೆ ಮಾತ್ರ ಆರುತ್ತದೆ. ಹಾಗಾಗಿ ಇವತ್ತು ಅವಳು ಓಡಿಸುವುದು, ಅವನು ಟೆಸ್ಟ್ ಲ್ಯಾಂಪ್ ಹಿಡಿದು ಪಕ್ಕದಲ್ಲಿ ಕೂರುವುದು ಅಂತ ಲವೋನ್ ಮೂಲಕ ಒಪ್ಪಂದವಾಗಿತ್ತು.

ಹುಲ್ಲುಗಾವಲಿನ ಗೇಟು ಬಂತು. ಗೇಟು ತೆಗೆಯುವುದು ಪಕ್ಕದಲ್ಲಿ ಕೂತವನ ಕೆಲಸ, ಇದಕ್ಕೆ ಈ ಸೀಮೆಯಲ್ಲಿ ವಿನಾಯಿತಿಯೇ ಇಲ್ಲ. ರಾಯ್ಸ್ ಇಳಿದು ತೆಗೆದ, ಗಾಡಿ ಒಳಗೆ ಹೋಯಿತು, ಮುಚ್ಚಲು ಹೋದ. ಮೂರು ಕೋಲಿಗೆ ನಾಲ್ಕು ಸಾಲು ಮುಳ್ಳುತಂತಿ ಹೊಡೆದ ಗೇಟದು. ಕೊನೆಯ ಕೋಲನ್ನು ಎಳೆದು ತಂದು ಕಂಬದ ಬುಡದ ಕುಣಿಕೆಗೆ ಸಿಕ್ಕಿಸಿ, ತಲೆಗೆ ಮೇಲಿನ ಕುಣಿಕೆ ಹಾಕಬೇಕು. ಹೋದ ವಾರವಷ್ಟೇ ಆರ್ಡಿಸ್ ತಂತಿ ಬಿಗಿ ಮಾಡಿಸಿದ್ದಳು. ರಾಯ್ಸ್ ಎಳೆದ. ನಾಲ್ಕು ಬೆರಳು ಸಾಲದು. ಮತ್ತೆ ಎಳೆದ. ಮೂರು ಬೆರಳು ಸಾಲದು. ಮುಖ ಕೆಂಪಗಾಯಿತು. ಕನ್ನಡಿಯಲ್ಲಿ ಅತ್ತೆ ನೋಡುತ್ತಿದ್ದಾಳೇನೋ ಅಂದುಕೊಂಡ. ಅವಳೋ, ಪಾಪ, ಅಳಿಯ ಒದ್ದಾಡುವುದನ್ನು ನೋಡಬಾರದೆಂದು ಕನ್ನಡಿಯನ್ನೇ ಮೇಲಕ್ಕೆ ತಿರುಗಿಸಿ ಆಕಾಶ ನೋಡುತ್ತ ಕೂತಿದ್ದಳು. ಅವನು ಜೇಬಿನಿಂದ ಹುಲ್ಲುಕಂತೆಯ ಹುರಿ ತೆಗೆದು, ಕೋಲಿನ ತಲೆಯನ್ನು ಕಂಬಕ್ಕೆ ಕಟ್ಟಿ, ಏನೂ ಆಗಿಲ್ಲದವನ ಹಾಗೆ ಬಂದು ಹತ್ತಿದ. ಧೂಳೆಂದು ಕಿಟಕಿ ಏರಿಸಿದ.

ಅರ್ಧ ಗಂಟೆ ಕುಲುಕಿದರು. ಗಾಡಿ ಹೂವಿನ ಹಾಗೆ ಓಡಿತು.

"ಬಲೋನಿ, ಈ ಗಾಡಿಗೆ ನಾಚಿಕೆ ಜಾಸ್ತಿ ಅನ್ನು. ಗಂಡಸು ಪಕ್ಕದಲ್ಲಿ ಕೂತ್ರೆ ಕಾಯಿಲೆ ತೋರಿಸಲ್ಲ" ಎಂದಳು ಆರ್ಡಿಸ್.

"ಬಲೋನಿ, ಆ ಪ್ರೈರಿ ನಾಯಿಗಳ ಬಿಲ ಇದೆಯಲ್ಲ, ಅದರ ಮೇಲೆ ಒಂದ್ ಸಲ ಬಿಡೋಕಾಗುತ್ತಾ ಕೇಳು."

ಬಿಟ್ಟಳು. ಹೆಸರಿಗೆ ನಾಯಿ, ಅಸಲು ಅಳಿಲಿನ ಜಾತಿ, ಬಿಲದ ಬಾಯಿಗೆ ಮಣ್ಣಿನ ಗುಡ್ಡೆ ಹಾಕುತ್ತವೆ. ಮೊದಲನೇ ಗುಡ್ಡೆಗೆ ಮೂವರ ತಲೆಯೂ ಸೂರಿಗೆ ತಾಗಿತು. ಎರಡನೇ ಗುಡ್ಡೆಗೆ ಟಕ್. ಎಂಜಿನ್ ಸತ್ತಿತು. ಅದರ ಹಿಂದೆಯೇ ಯಾರೂ ಮುಟ್ಟದ ಸೈರನ್, ಕುಲುಕಿಗೆ ಸ್ವಿಚ್ಚು ಬಿದ್ದು, ತಾನೇ ತಾನಾಗಿ "ಊಂ..." ಎಂದು ಕೂಗಿ, ಅರ್ಧಕ್ಕೆ ನಿಂತಿತು.

ರಾಯ್ಸ್‌ಗೆ ಖುಷಿಯೋ ಖುಷಿ. ಕಾಯಿಲೆ ಸಿಕ್ಕಿತಲ್ಲ! ಕಿಟಕಿಯ ಗುಂಡಿ ಒತ್ತಿದ. ಇಳಿಯಲಿಲ್ಲ. ಮತ್ತೆ ಒತ್ತಿದ. ಆಗ ಅವನ ತಲೆಗೆ ಹೊಳೆಯಿತು. ಕರೆಂಟಿಲ್ಲದೆ ಕಿಟಕಿ ಇಳಿಯುವುದಿಲ್ಲ, ಕಿಟಕಿ ಇಳಿಯದೆ ಬಾಗಿಲು ತೆಗೆಯುವುದಿಲ್ಲ. ಉಳಿದದ್ದು ಅತ್ತೆಯ ಕಡೆಯ ಬಾಗಿಲು. ಅಲ್ಲಿಗೆ ಹೋಗಬೇಕೆಂದರೆ ಅತ್ತೆಯನ್ನು ದಾಟಬೇಕು. ಅದರ ಬದಲು ಗಾಜು ಒಡೆಯುವುದು ವಾಸಿ ಅಂದುಕೊಂಡು ಸ್ಪ್ಯಾನರ್ ಕೈಗೆತ್ತಿಕೊಂಡ.

"ಬಲೋನಿ, ಅದನ್ನ ಕೆಳಗಿಡೋಕೆ ಹೇಳು" ಎಂದಳು ಆರ್ಡಿಸ್ ಮೆಲ್ಲಗೆ. "ನೆಂಟರು ಬಂದ್ರು."

ದಿಬ್ಬದ ಆಚೆಯಿಂದ ಹಿಂಡು ಬರುತ್ತಿತ್ತು. ಮೂವತ್ತೆರಡು ತಲೆ. ಮೊದಲು ಓಟ, ಆಮೇಲೆ ನಡಿಗೆ, ಆಮೇಲೆ ಸುತ್ತಲೂ ಗೋಡೆ. ಕಂದು ಗೋಡೆ, ಉಸಿರಾಡುವ ಗೋಡೆ. ಒಂದು ಹೆಣ್ಣು ಬಾನೆಟ್ಟು ನೆಕ್ಕಿತು. ಕರುಗಳು ಹಿಂದಿನ ಡಬ್ಬಕ್ಕೆ ಗುದ್ದಿದವು. ಡಬ್ಬದಲ್ಲಿ ಒಂದು ಚೂರು ಹಿಂಡಿಯೂ ಇರಲಿಲ್ಲ. ಎಲ್ಲಕ್ಕಿಂತ ಕೊನೆಯಲ್ಲಿ ಸೆನೆಟರ್ ಬಂದ. ಸೆನೆಟರ್ ಅಂದರೆ ಹಿಂಡಿನ ಮುದಿ ಕೋಣ. ರಾಜಕಾರಣಿಯ ಹಾಗೆ ತಿನ್ನುವುದು ಬಿಟ್ಟು ಬೇರೆ ಕೆಲಸ ಮಾಡದವನು ಅಂತ ಕ್ಲೆಮೆಂಟ್ ಇಟ್ಟಿದ್ದ ಹೆಸರು. ಆದರೆ ಈಗ ಆಗಸ್ಟ್ ಕೊನೆ, ಬೆದೆಗಾಲ. ಈ ಒಂದು ತಿಂಗಳು ಸೆನೆಟರನಿಗೂ ಕೆಲಸವಿರುತ್ತದೆ, ಸಿಟ್ಟೂ ಇರುತ್ತದೆ. ಎದುರಿಗೆ ಬಂದ ಪ್ರತಿಯೊಂದೂ ಅವನ ಕಣ್ಣಿಗೆ ಪ್ರತಿಸ್ಪರ್ಧಿ. ಆರ್ಡಿಸ್‌ಳ ಬಾಗಿಲಿಗೆ ಭುಜ ಕೊಟ್ಟು ಒಮ್ಮೆ ಒರಗಿದ. ಗಾಡಿ ಹಡಗಿನ ಹಾಗೆ ವಾಲಿತು. ಒಂದು ಟನ್ ತೂಕದ ಪ್ರಾಣಿ. ಇಳಿಯುವ ಮಾತು ಅಲ್ಲಿಗೆ ಮುಗಿಯಿತು.

ಅವಳ ಕಿಟಕಿ ಒಂದು ಗೇಣು ತೆರೆದಿತ್ತು. ಅದರಿಂದ ಬರುತ್ತಿದ್ದದ್ದು ಗಾಳಿಗಿಂತ ಹೆಚ್ಚಾಗಿ ಸೆನೆಟರನ ಉಸಿರು. ಒಳಗೆ ಸೆಖೆ ಒಲೆಯ ಹಾಗೆ. ನಾಯಿಯ ನಾಲಿಗೆ ಒಂದು ಅಡಿ ಉದ್ದವಾಗಿತ್ತು. ಫೋನು ನೋಡಲೇ ಇಲ್ಲ ಇಬ್ಬರೂ. ಈ ಬಯಲಿನಲ್ಲಿ ಸಿಗ್ನಲ್ ಹುಡುಕುವವನು ಹೊಸಬನೇ ಆಗಿರಬೇಕು.

ರಾಯ್ಸ್ ಯೋಚಿಸಿದ. ಒಂದು ಫ್ಯೂಸ್ ಹೋದರೆ ಒಂದೊಂದೇ ಆರುತ್ತದೆ. ಎಲ್ಲವೂ ಒಟ್ಟಿಗೆ ಆರಿದೆ ಎಂದರೆ ಕರೆಂಟು ಒಳಗೇ ಬರುತ್ತಿಲ್ಲ. ಬ್ಯಾಟರಿಯಿಂದ ಹೊರಟ ದಪ್ಪ ಕೆಂಪು ತಂತಿ ಬಾನೆಟ್ಟಿನಲ್ಲಿ ಗಟ್ಟಿಯಾಗೇ ಇತ್ತು, ಅವನೇ ನೋಡಿದ್ದ. ಅದು ಬಾನೆಟ್ಟಿನ ಹಿಂದಿನ ತಗಡು ದಾಟಿ ಫ್ಯೂಸ್ ಬಾಕ್ಸಿಗೆ ಬರುತ್ತದೆ. ಫ್ಯೂಸ್ ಬಾಕ್ಸ್ ಇರುವುದು ಸ್ಟಿಯರಿಂಗಿನ ಕೆಳಗೆ, ಎಡಗಡೆ. ಅಂದರೆ ಅತ್ತೆಯ ಎಡ ಮೊಣಕಾಲಿನ ಪಕ್ಕ.

ಎರಡು ಶನಿವಾರ ಎಲ್ಲ ನೋಡಿದ್ದಾನೆ, ಅದೊಂದು ಜಾಗ ನೋಡಿಲ್ಲ. ಯಾಕೆಂದರೆ ಎರಡು ಶನಿವಾರವೂ ಅವಳು ಆ ಸೀಟಿನಲ್ಲೇ ಕೂತಿದ್ದಳು, ಅವನು ಕೈ ಎತ್ತಿದಾಗ ಕೀಲಿ ತಿರುಗಿಸುವುದಕ್ಕೆ. ಇಳಿಯಿರಿ ಅಂತ ಅವನು ಹೇಳುವ ಹಾಗಿಲ್ಲ. ಇಳಿದರೆ ಅಳಿಯನ ಪಕ್ಕ ನಿಲ್ಲಬೇಕಾಗುತ್ತದೆ ಅಂತ ಅವಳೂ ಇಳಿಯಲಿಲ್ಲ. ಇಬ್ಬರೂ ಸೇರಿ ಮರ್ಯಾದೆಯಿಂದ, ಬಹಳ ಮರ್ಯಾದೆಯಿಂದ, ಕಾಯಿಲೆಯನ್ನು ಕಾಪಾಡಿದ್ದರು.

"ಬಲೋನಿ" ಎಂದ. "ಇಲ್ಲೊಂದು ಲ್ಯಾಂಪ್ ಇದೆ. ಇದರ ಕ್ಲಿಪ್ಪನ್ನ ಯಾವುದಾದ್ರೂ ಕಬ್ಬಿಣದ ಬೋಲ್ಟಿಗೆ ಕಚ್ಚಿಸಿ, ಮೊನೇನ ಒಂದೊಂದೇ ಫ್ಯೂಸಿಗೆ ಚುಚ್ಚಬೇಕು. ಎಲ್ಲಿ ದೀಪ ಹತ್ತುತ್ತೆ ಅಂತ ನೋಡಬೇಕು. ನಿನ್ ಕೈಲಿ ಆಗಲ್ಲ, ನಿಂಗೆ ಬೆರಳಿಲ್ಲ. ಬೆರಳಿರೋರು ಯಾರಾದ್ರೂ..."

ಲ್ಯಾಂಪನ್ನು ನಾಯಿಯ ಬೆನ್ನ ಮೇಲಿಟ್ಟ. ಆರ್ಡಿಸ್ ನಾಯಿಯ ಬೆನ್ನಿನಿಂದ ಎತ್ತಿಕೊಂಡಳು.

ಬಗ್ಗಿದಳು. ಅರವತ್ತಾರರ ಸೊಂಟ ಒಂದು ಸಲ ಕಟಕ್ ಅಂದಿತು. "ಮೊದಲನೇದು ಇಲ್ಲ. ಎರಡನೇದು ಇಲ್ಲ. ಮೂರು ಇಲ್ಲ. ಬಲೋನಿ, ಇದು ಲ್ಯಾಂಪಾ, ಬೀಸಣಿಗೆ ಕಡ್ಡೀನಾ ಕೇಳು."

"ಎಲ್ಲೂ ಬರಲ್ಲ, ಬರಬಾರದು. ಅದರ ಮೇಲ್ಗಡೆ ಕೈ ಆಡಿಸಿ ನೋಡೋಕೆ ಹೇಳು ಬಲೋನಿ. ದಪ್ಪ ಕೆಂಪು ತಂತಿ."

ಅವಳು ಕೈ ಆಡಿಸಿದಳು. ಆಮೇಲೆ, "ಒಂದು ಗಂಟು ಇದೆ. ಮೊಟ್ಟೆ ಗಾತ್ರದ್ದು. ಪೂರ್ತಿ ಕಪ್ಪು ಟೇಪು." ಬೆರಳಿನಿಂದ ಸವರಿದಳು. "ಇದು ಕ್ಲೆಮೆಂಟ್ ಸುತ್ತಿರೋದು. ಗಾಯಕ್ಕೂ ಹೀಗೇ ಸುತ್ತೋನು, ಆಸ್ಪತ್ರೇಲಿ ಬಿಚ್ಚೋಕೆ ಅರ್ಧ ದಿನ ಬೇಕಿತ್ತು."

ಚಾಕುವಿನಿಂದ ಕೊಯ್ದಳು. ಒಳಗೆ ಮೂರು ತಂತಿ. ಮಾವ ಸೈರನ್ ಹಾಕುವಾಗ ಗಾಡಿಯ ಮುಖ್ಯ ತಂತಿಯನ್ನೇ ಕತ್ತರಿಸಿ, ಸೈರನ್ನಿನದನ್ನೂ ಸೇರಿಸಿ, ಮೂರನ್ನೂ ಬರೀ ಕೈಯಲ್ಲಿ ಹೊಸೆದು ಟೇಪು ಸುತ್ತಿದ್ದ. ಬೆಸುಗೆಯಿಲ್ಲ, ಏನಿಲ್ಲ. ಇಷ್ಟು ವರ್ಷ ಕುಲುಕಿ ಕುಲುಕಿ ಬ್ಯಾಟರಿಯ ತಂತಿ ಗಂಟಿನಿಂದ ಕಳಚಿಕೊಂಡಿತ್ತು. ಅದಕ್ಕೆ ಮೊನೆ ಚುಚ್ಚಿದಳು.

"ಹತ್ತಿತು!" ಎಂದು ಕೂಗಿದಳು. ನಾಯಿಯೂ ಬೊಗಳಿತು. ರಾಯ್ಸ್ ಸಂತೋಷಕ್ಕೆ ಅತ್ತೆಯ ಕಡೆ ತಿರುಗಿಯೇಬಿಡುತ್ತಿದ್ದ. ಕೊನೇ ಗಳಿಗೆಯಲ್ಲಿ ಕುತ್ತಿಗೆ ಹಿಡಿದು ಬಲಗಡೆಯ ಕನ್ನಡಿಯ ಕಡೆ ತಿರುಗಿದ.

ಕನ್ನಡಿಯಲ್ಲಿ ಗೇಟು ಇರಲಿಲ್ಲ. ಕಂಬವಿತ್ತು. ಗೇಟು ನೆಲದ ಮೇಲೆ ಒಗೆದ ಬಟ್ಟೆಯ ಹಾಗೆ ಬಿದ್ದಿತ್ತು. ತಂತಿಯ ಬಿಗಿಗೆ ಹುರಿ ಕಿತ್ತುಹೋಗಿತ್ತು. ಹಿಂಡಿ ಸಿಗದೆ ಬೇಸರಪಟ್ಟ ಮೂರು ಹೆಣ್ಣುಗಳು ಆಗಲೇ ಆ ಕಡೆ ಮುಖ ಮಾಡಿ ನಡೆಯುತ್ತಿದ್ದವು. ಅವುಗಳ ಹಿಂದೆ ಕರುಗಳು. ರಸ್ತೆಯ ಪಕ್ಕದ ಚರಂಡಿಯಲ್ಲಿ ಮಾತ್ರ ಇನ್ನೂ ಹಸಿರು ಹುಲ್ಲಿತ್ತು.

ರಾಯ್ಸ್ ಗಡಿಯಾರ ನೋಡಿದ. ಮೂರು ಹನ್ನೆರಡು.

ರಸ್ತೆ ಗೇಟಿನ ಮುಂದೆಯೇ ಹಾದುಹೋಗುತ್ತದೆ. ರಸ್ತೆಯಲ್ಲಿ ಒಂದು ದಿಬ್ಬ ಹತ್ತಿ ಇಳಿದ ಕೂಡಲೇ ಗೇಟು. ದಿಬ್ಬದ ನೆತ್ತಿ ದಾಟುವ ತನಕ ಈಚೆಗೇನಿದೆ ಅಂತ ಯಾರಿಗೂ ಕಾಣುವುದಿಲ್ಲ. ಮೂರು ನಲವತ್ತಕ್ಕೆ ಆ ನೆತ್ತಿಯ ಮೇಲೆ ಸ್ಕೂಲ್ ಬಸ್ಸು ಬರುತ್ತದೆ. ಒಳಗೆ ಇಪ್ಪತ್ತಾರು ಮಕ್ಕಳು. ಸ್ಟಿಯರಿಂಗಿನಲ್ಲಿ ಲವೋನ್. ಬೈಸನ್‌ಗಳಿಗೆ ಬಿಸಿಲಿಗೆ ಕಾದ ರಸ್ತೆಯ ಜಲ್ಲಿಯ ಮೇಲೆ ಮಲಗುವುದೆಂದರೆ ಪ್ರಾಣ.

ಅವನು ನಾಯಿಯ ಕಿವಿಯನ್ನು ಸವರಿದ.

"ಬಲೋನಿ, ಒಂದು ಮಾತು ಹೇಳಬೇಕಿತ್ತು. ಗೇಟು... ಮೇಲಿನ ಕುಣಿಕೆ ನನ್ನ ಕೈಲಿ ಹಾಕೋಕಾಗಲಿಲ್ಲ. ಹುರಿ ಕಟ್ಟಿ ಬಂದೆ. ಹೇಳೋಕೆ ನಾಚಿಕೆ ಆಯ್ತು. ಅದೀಗ ಬಿದ್ದುಹೋಗಿದೆ. ತಪ್ಪು ನಂದೇ."

ಆರ್ಡಿಸ್ ಮೇಲೆದ್ದಳು. ಮೇಲಕ್ಕೆ ತಿರುಗಿಸಿದ್ದ ಕನ್ನಡಿಯನ್ನು ಕೆಳಗಿಳಿಸಿ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಟೈಮೆಷ್ಟು ಅಂತ ಕೇಳು."

"ಮೂರು ಹದಿಮೂರು ಅಂತ ಹೇಳು."

"ಎಲ್ಲಿಗೆ ಯಾವುದು ತಾಗಿಸಿದ್ರೆ ಗಾಡಿ ಸ್ಟಾರ್ಟ್ ಆಗುತ್ತೆ?" ಎಂದಳು. ಅವಸರದಲ್ಲಿ ನಾಯಿಯ ಹೆಸರು ಹೇಳುವುದನ್ನೂ ಮರೆತಿದ್ದಳು. ಮರೆತದ್ದು ನೆನಪಾಗಿ, ತಕ್ಷಣ "ಬಲೋನಿ" ಅಂತ ಸೇರಿಸಿದಳು.

ಕೆಂಪು ತಂತಿಯನ್ನು ಇನ್ನೊಂದು ದಪ್ಪ ತಂತಿಗೆ ಒತ್ತಿ ಹಿಡಿಯಬೇಕು. ತುದಿಗಳು ಎಷ್ಟು ಗಿಡ್ಡವಾಗಿದ್ದವೆಂದರೆ ಹೊಸೆಯಲು ಬರುತ್ತಿರಲಿಲ್ಲ, ಸಿಪ್ಪೆ ಸುಲಿದು ಉದ್ದ ಮಾಡಲು ಹೊತ್ತಿರಲಿಲ್ಲ. ಎರಡೂ ಕೈಯಲ್ಲಿ ಎಳೆದು ಹಿಡಿದರೆ ಮಾತ್ರ ಒಂದಕ್ಕೊಂದು ಮುಟ್ಟುತ್ತಿದ್ದವು. ಹಿಡಿದಳು. ಡ್ಯಾಶ್‌ಬೋರ್ಡು ಬೆಳಗಿತು. ಆದರೆ ಎರಡು ಕೈಯೂ ಕೆಳಗಿದ್ದರೆ ಕೀಲಿ ಯಾರು ತಿರುಗಿಸುವುದು? ರಾಯ್ಸ್ ಮುಖವನ್ನು ಕಿಟಕಿಗೆ ಅಂಟಿಸಿಕೊಂಡೇ, ನಾಯಿಯ ಮೇಲಿಂದ ಎಡಗೈ ಚಾಚಿ, ಕುರುಡನ ಹಾಗೆ ತಡಕಿ ಕೀಲಿ ತಿರುಗಿಸಿದ. ಎಂಜಿನ್ ಗುರ್ ಎಂದಿತು.

"ಕಾಲು ನಂದು, ಸ್ಟಿಯರಿಂಗ್ ಆ ಹುಡುಗಂದು" ಎಂದಳು ಅತ್ತೆ ಡ್ಯಾಶ್‌ಬೋರ್ಡಿನ ಕೆಳಗಿನಿಂದ. "ಎಡಕ್ಕೆ ತಿರುಗಿಸಿ ಗೇಟಿನ ಕಡೆ ಬಿಡೋಕೆ ಹೇಳು. ಗಾಡೀನೇ ಗೇಟಿಗೆ ಅಡ್ಡ ನಿಲ್ಲಿಸಿಬಿಡೋಣ."

ಒಬ್ಬಳಿಗೆ ರಸ್ತೆ ಕಾಣದು, ಒಬ್ಬನಿಗೆ ಬ್ರೇಕಿಲ್ಲ. ನಾಯಿಯೊಂದೇ ನೆಟ್ಟಗೆ ಎದುರಿಗೆ ನೋಡುತ್ತಿತ್ತು. ಇಪ್ಪತ್ತು ಗಜ ಹೋದರು. ಹೆಣ್ಣುಗಳು ಗೊಣಗುತ್ತ ಸರಿದವು. ಸೆನೆಟರ್ ಸರಿಯಲಿಲ್ಲ. ಅವನನ್ನು ತಪ್ಪಿಸಲು ರಾಯ್ಸ್ ಸ್ಟಿಯರಿಂಗ್ ಎಳೆದ. ಮುಂದಿನ ಚಕ್ರ ಪ್ರೈರಿ ನಾಯಿಯ ಬಿಲಕ್ಕೆ ಅಚ್ಚಿನ ತನಕ ಇಳಿಯಿತು. ಕೆಳಗೆ ಕಿಡಿ ಹಾರಿತು, ಆರ್ಡಿಸ್ "ಅಯ್ಯೋ" ಎಂದಳು, ಎಂಜಿನ್ ನಿಂತಿತು.

ಮತ್ತೆ ಸ್ಟಾರ್ಟ್ ಮಾಡಿದರು. ಮೇಲೆದ್ದ ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿತು. ಹಿಂದಕ್ಕೆ, ಮುಂದಕ್ಕೆ. ಬರಲಿಲ್ಲ. ಮೂರು ಇಪ್ಪತ್ತು. ಮೊದಲ ಹೆಣ್ಣು ಬಿದ್ದ ಗೇಟಿನ ತಂತಿಯ ಮುಂದೆ ನಿಂತು, ದಾಟಲೋ ಬೇಡವೋ ಎಂದು ಮೂಸುತ್ತಿತ್ತು.

ಆಗ ರಾಯ್ಸ್‌ಗೆ ಹೊಳೆದದ್ದು ಅವನಿಗೇ ಇಷ್ಟವಾಗಲಿಲ್ಲ.

"ಬಲೋನಿ, ಮೂರನೇ ತಂತಿ ಸೈರನ್ನಿಂದು. ಸ್ವಿಚ್ಚು ಬಿದ್ದೇ ಇದೆ, ಕೆಂಪನ್ನ ಅದಕ್ಕೆ ತಾಗಿಸಿದ್ರೆ ಊದುತ್ತೆ. ಊದಿದ್ರೆ ಅವೆಲ್ಲ ವಾಪಸ್ ಬರ್ತವೆ. ನಾವು ಊದ್ತಾ ಇರೋ ತನಕ ಇಲ್ಲೇ ಇರ್ತವೆ."

"ನಮ್ಮ ಸುತ್ತ" ಎಂದಳು ಆರ್ಡಿಸ್.

"ನಮ್ಮ ಸುತ್ತ."

"ಬ್ಯಾಟರಿ?"

"ಊದಿ ಊದಿ ಖಾಲಿಯಾಗುತ್ತೆ. ಆಮೇಲೆ ಗಾಡಿ ಸ್ಟಾರ್ಟ್ ಆಗಲ್ಲ ಅಂತ ಹೇಳು."

ಉತ್ತರವನ್ನು ಸೈರನ್ನೇ ಹೇಳಿತು.

ತಲೆಯ ಮೇಲೆಯೇ ಇದ್ದ ಸೈರನ್. ಹಲ್ಲುಗಳೊಳಗೆಲ್ಲ ನಡುಕ. ನಾಯಿ ಎರಡು ಪಂಜದಲ್ಲಿ ಮುಖ ಮುಚ್ಚಿಕೊಂಡಿತು. ಗೇಟಿನ ಹತ್ತಿರದ ಹೆಣ್ಣು ತಲೆ ಎತ್ತಿತು, ತಿರುಗಿತು, ಓಡಿಬಂತು. ಅದರ ಹಿಂದೆ ಉಳಿದವು. ಗೋಡೆ ಮತ್ತೆ ಕಟ್ಟಿಕೊಂಡಿತು, ಈ ಸಲ ಇನ್ನೂ ಹತ್ತಿರ. ಒಂದು ನಿಮಿಷ ಊದುವುದು, ಎರಡು ನಿಮಿಷ ಬಿಡುವುದು. ಬಿಟ್ಟಾಗಲೆಲ್ಲ ಹಿಂಡು ಚದುರಲು ನೋಡುತ್ತಿತ್ತು, ಮತ್ತೆ ಊದುತ್ತಿದ್ದಳು. ಪ್ರತಿ ಸಲವೂ ಹಿಂಡಿ ಸಿಗದ ಸೆನೆಟರನ ಸಿಟ್ಟು ಒಂದೊಂದು ಮೆಟ್ಟಿಲು ಏರುತ್ತಿತ್ತು. ಹೆಡ್‌ಲೈಟು ಒಂದು ಹೋಯಿತು. ಬಾಗಿಲಿನ ತಗಡು ಒಳಕ್ಕೆ ಬಂತು.

ನಾಲ್ಕನೇ ಸಲಕ್ಕೆ ಸೈರನ್ ತೊದಲಿತು. ಐದನೇ ಸಲ ಎರಡೆರಡು ಬಾರಿ ನಿಂತುಹೋಯಿತು.

"ಬಲೋನಿ" ಎಂದಳು ಆರ್ಡಿಸ್. ದನಿ ಬೇರೆಯಾಗಿತ್ತು. "ಬೆರಳು ಸುಟ್ಟಿದೆ. ಹಿಡಿತ ಸಿಗ್ತಾ ಇಲ್ಲ."

ಮೂರು ಮೂವತ್ತೊಂದು. ಇನ್ನು ಒಂಬತ್ತು ನಿಮಿಷ. ರಾಯ್ಸ್ ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ನಾಯಿಯ ಬೆನ್ನ ಮೇಲಿಟ್ಟು, ಕಚ್ಚಿಸಿ ನೋಡಲು ಹೇಳಿದ. ಕಚ್ಚಿಸಿದಳು. ಸೈರನ್ ಎಳೆಯುವ ಕರೆಂಟಿಗೆ ಆ ಬಡಕಲು ಕ್ಲಿಪ್ಪು ಕೆಂಪಗೆ ಕಾದು ಜಾರಿಬಿತ್ತು. ಉಳಿದದ್ದು ಅವನ ಎರಡು ಕೈ. ಆ ಕೈಗಳು ಅಲ್ಲಿಗೆ ಹೋಗಬೇಕೆಂದರೆ ಅವನ ತಲೆಯೂ ಹೋಗಬೇಕು. ತಲೆ ಹೋಗಬೇಕಾದ ಜಾಗದಲ್ಲಿ ಅತ್ತೆಯ ಪಾದ.

ಹೊರಗೆ ಹಿಂಡು ಚದುರುವ ಸಪ್ಪಳ. ಇಬ್ಬರಿಗೂ ಯೋಚನೆಯೊಂದೇ, ಆದರೆ ಅದನ್ನು ಹೇಳುವ ಬಾಯಿ ಇಬ್ಬರದೂ ಅಲ್ಲ.

ಕೊನೆಗೆ ಆರ್ಡಿಸ್ ಸೀಟಿನ ಮೇಲೆ ಹಾಸಿದ್ದ ಹಳೆಯ ಕಂಬಳಿಯನ್ನು ಸರ್ರನೆ ಎಳೆದಳು. ಚಪ್ಪಲಿ ಬಿಚ್ಚಿ ಎರಡು ಕಾಲನ್ನೂ ಸೀಟಿನ ಮೇಲಕ್ಕೆ ಎತ್ತಿಕೊಂಡು, ಬಾಗಿಲಿಗೆ ಒರಗಿ ಮುದುರಿ ಕೂತು, ಆ ಸೆಖೆಯಲ್ಲಿ ತಲೆಯಿಂದ ಪಾದದವರೆಗೆ ಕಂಬಳಿ ಹೊದ್ದುಕೊಂಡಳು.

"ಬಲೋನಿ" ಎಂದಿತು ಕಂಬಳಿ. "ಇಲ್ಲಿ ಯಾರೂ ಇಲ್ಲ ಅಂತ ಹೇಳು. ಖಾಲಿ ಸೀಟು."

ರಾಯ್ಸ್ ಕಣ್ಣು ಮುಚ್ಚಿಕೊಂಡ. ನಾಯಿಯ ಕೆಳಗಿಂದ ನುಸುಳಿ, ಗೇರಿನ ಉಬ್ಬಿನ ಮೇಲೆ ಹೊಟ್ಟೆ ಉಜ್ಜಿಕೊಂಡು, ಪೆಡಲುಗಳ ಮೇಲೆ ಭುಜ ಊರಿ, ಬೆನ್ನಡಿಯಾಗಿ ಮಲಗಿದ. ಸೊಂಟ ತಿರುಚಿತು, ಕಾಲು ಬಲಗಡೆಯ ಬಾಗಿಲಿಗೆ ತಾಗಿತು. ನಾಯಿ ಅವನ ಹೊಟ್ಟೆಯ ಮೇಲೆ ಕೂತಿತು. ಮೂಗಿನಿಂದ ಒಂದು ಗೇಣು ಮೇಲೆ ಮಾವನ ಮೂರು ತಂತಿಗಳು. ಅಲ್ಲಾಡಲು ಒಂದಂಗುಲ ಜಾಗವಿಲ್ಲ. ಶವಪೆಟ್ಟಿಗೆಯೂ ಇದಕ್ಕಿಂತ ಸಡಿಲವಾಗಿರುತ್ತದೆ. ಕೆಂಪನ್ನು ಎಳೆದು ಮೂರನೆಯದಕ್ಕೆ ಒತ್ತಿದ. ಸೈರನ್ ಕೂಗಿತು.

ಈಗ ಅವನಿಗೆ ಏನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಕಂಬಳಿಯ ಸಂದಿನಿಂದ ಹೊರಗೆ ನೋಡುತ್ತಿದ್ದ ಆರ್ಡಿಸ್‌ಗೆ ಮಾತ್ರ.

"ಎಲ್ಲಾ ಬಂದ್ವು ಅಂತ ಹೇಳು" ಎಂದಳು, ಅವನು ಊದುವುದನ್ನು ನಿಲ್ಲಿಸಿದಾಗ. "ಒಂದು ಕರು ಮಾತ್ರ ಗೇಟಿನ ಹತ್ರ ಇದೆ."

ಊದಿದ. ಕಿಡಿ ಕತ್ತಿನ ಮೇಲೆ ಬಿತ್ತು. ನಿಲ್ಲಿಸಿದ.

"ಕರುವಿನ ತಾಯಿ ಇಲ್ಲಿಂದ ಹೊರಟ್ಳು. ಊದು, ಊದು ಅನ್ನು ಬಲೋನಿ!"

ಊದಿದ. ಈ ಸಲ ಸೈರನ್ನಿನ ದನಿ ಒಂದು ಮಟ್ಟ ಇಳಿದಿತ್ತು, ಜ್ವರ ಬಂದವರ ಹಾಗೆ. ಬ್ಯಾಟರಿ ಸೋಲುತ್ತಿತ್ತು. ಅವನು ಎಣಿಸಿದ. ಮೂವತ್ತು. ಅರವತ್ತು. ನಿಲ್ಲಿಸಲೋ, ಬೇಡವೋ. ಗಡಿಯಾರ ಕೈಯಲ್ಲೇ ಇದೆ, ಕೈ ತಿರುಗಿಸಿ ನೋಡಿದರೆ ತಂತಿ ಬಿಡುತ್ತದೆ. ಸೆನೆಟರ್ ಗುದ್ದಿದ. ಇಡೀ ಗಾಡಿ ಅವನ ತಲೆಯ ಮೇಲೆ ಕುಸಿದ ಹಾಗಾಯಿತು.

ಸೈರನ್ ಮಧ್ಯೆಯೇ ಆರ್ಡಿಸ್ ಕಿರುಚಿದಳು. "ಬಲೋನೀ, ಬಸ್ಸು! ದಿಬ್ಬದ ಮೇಲೆ!"

"ಕರು? ಕರು ಎಲ್ಲಿ ಕೇಳು!"

"ಬರ್ತಾ ಇದೆ. ತಾಯಿ ಹಿಂದೆ ಬರ್ತಾ ಇದೆ. ಬಿಡಬೇಡ ಅನ್ನು!"

ಬಿಡಲಿಲ್ಲ. ಬೆರಳಿನ ಚರ್ಮ ಸುಟ್ಟ ವಾಸನೆ ಬರುತ್ತಿತ್ತು, ಯಾರ ಬೆರಳೋ ಅನ್ನುವ ಹಾಗೆ.

"ಇಳೀತಾ ಇದೆ... ನಿಧಾನ ಮಾಡಿದ್ಳು. ಗೇಟು ಕಂಡಿತು ಅವಳಿಗೆ. ನಿಲ್ಲಿಸಿದ್ಳು. ಕೆಂಪು ದೀಪ ಹಾಕಿದ್ಳು, ಬುದ್ಧಿವಂತೆ. ಇಳಿದ್ಳು ನನ್ ಮಗಳು. ಗೇಟು ಎತ್ತಿದ್ಳು. ಎಳೀತಾ ಇದಾಳೆ. ಕಂಬಕ್ಕೆ ಭುಜ ಕೊಟ್ಟು, ಕೋಲನ್ನ ತಬ್ಬಿಕೊಂಡು... ಹಾಕಿದ್ಳು! ಕುಣಿಕೆ ಹಾಕಿದ್ಳು!"

ರಾಯ್ಸ್ ಕೈ ಬಿಟ್ಟ. ಸೈರನ್ ಉದ್ದಕ್ಕೆ ನರಳಿ ಆರಿತು. ಆ ನಿಶ್ಶಬ್ದದಲ್ಲಿ ದೂರದಿಂದ ಮಕ್ಕಳ ಗಲಾಟೆ ಕೇಳಿಸಿತು.

"ಕೈ ಬೀಸ್ತಾ ಇದಾಳೆ" ಎಂದಳು ಆರ್ಡಿಸ್. "ಮಕ್ಕಳೂ ಎಲ್ಲ ಕಿಟಕಿಯಿಂದ ಕೈ ಬೀಸ್ತಾ ಇದಾವೆ."

"ಬಲೋನಿ, ನಾವು ಸಿಕ್ಕಿಹಾಕ್ಕೊಂಡಿದೀವಿ ಅಂತ ಅವಳಿಗೆ ಗೊತ್ತಾಯ್ತಾ ಕೇಳು."

ಆರ್ಡಿಸ್ ಕಂಬಳಿಯಿಂದ ಒಂದು ಕೈ ತೆಗೆದು ಕಿಟಕಿಯ ಗೇಣಗಲದಲ್ಲಿ ಜೋರಾಗಿ ಆಡಿಸಿದಳು. ಲವೋನ್ ಇನ್ನೂ ಜೋರಾಗಿ ಆಡಿಸಿರಬೇಕು.

"ಇಲ್ಲ. ಸೈರನ್ ಕೇಳಿದಾಳೆ, ಹಿಂಡು ಕಂಡಿದಾಳೆ. ನಾವು ಹಿಂಡಿ ಹಾಕ್ತಾ ಇದೀವಿ ಅಂದ್ಕೊಂಡಿದಾಳೆ. ಹತ್ತಿದ್ಳು. ಹೊರಟ್ಳು."

ಬಸ್ಸಿನ ಸದ್ದು ಸಣ್ಣದಾಗುತ್ತ ಹೋಯಿತು. ಕೊನೆಯ ಮಗುವನ್ನು ನದಿಯಾಚೆ ಇಳಿಸಿ, ಬಸ್ಸು ಬಿಟ್ಟು, ಮನೆಗೆ ಹೋಗಿ, ಇವರಿಲ್ಲವೆಂದು ನೋಡಿ ಹುಡುಕಿಕೊಂಡು ಬರಬೇಕೆಂದರೆ ಐದೂವರೆ. ಬಿಸಿಲು ಬಾನೆಟ್ಟಿನ ಮೇಲೆ ಹಾಗೇ ಇತ್ತು. ಹಿಂಡು ಈ ಸಲ ಚದುರಲೂ ಇಲ್ಲ. ಇಷ್ಟು ಹೊತ್ತು ಕರೆದವರು ಕೊಡದೆ ಎಲ್ಲಿಗೆ ಹೋಗುತ್ತಾರೆ ಎಂದು ಒಂದೊಂದಾಗಿ ಗಾಡಿಯ ಸುತ್ತಲೇ ಮಲಗಿ ಮೆಲುಕು ಹಾಕತೊಡಗಿದವು. ಸೆನೆಟರ್ ಆರ್ಡಿಸ್‌ಳ ಬಾಗಿಲಿಗೆ ಬೆನ್ನು ಕೊಟ್ಟು ಉಸ್ಸೆಂದು ಕುಳಿತ. ಆ ಬಾಗಿಲೂ ಮುಗಿಯಿತು.

ರಾಯ್ಸ್ ಏಳಲು ನೋಡಿದ. ಭುಜ ಬ್ರೇಕ್ ಪೆಡಲಿಗೆ ಸಿಕ್ಕಿತ್ತು. ನಾಯಿ ಹೊಟ್ಟೆಯ ಮೇಲೆ ನಿದ್ದೆ ಹೋಗಿತ್ತು.

"ಬಲೋನಿ" ಎಂದ, ನೆಲದಿಂದ. "ಮಕ್ಕಳ ಅಜ್ಜಿಗೆ ಹೇಳು. ಗೇಟಿನ ವಿಷಯ ಮೊದಲೇ ಹೇಳಬೇಕಿತ್ತು ನಾನು."

ಕಂಬಳಿಯ ಒಳಗಿನಿಂದ ಏದುಸಿರು ಕೇಳುತ್ತಿತ್ತು.

"ಬಲೋನಿ, ಆ ಹುಡುಗನಿಗೆ ಹೇಳು. ಅಷ್ಟು ಬಿಗಿ ಗೇಟು ಅವನ ಕೈಲಿ ಆಗ್ತಿಲ್ಲ ಅಂತ ನಂಗೆ ಗೊತ್ತಿತ್ತು. ನಾನು ಆಕಾಶ ನೋಡ್ತಾ ಕೂತೆ. ನಾನೂ ಇಳಿದು ಒಂದು ಕೈ ಕೊಡಬಹುದಿತ್ತು."

ರಾಯ್ಸ್ ಭುಜ ಬಿಡಿಸಿಕೊಳ್ಳಲು ಇನ್ನೊಮ್ಮೆ ಹೊರಳಿದ.

"ಏಳಬೇಡ ಅನ್ನು" ಎಂದಳು ಆರ್ಡಿಸ್ ಗಡುಸಾಗಿ. "ಹೇಗೂ ಅಲ್ಲೇ ಇದಾನಲ್ಲ, ಆ ಮೂರು ತಂತೀನೂ ಸಿಪ್ಪೆ ಸುಲಿದು ಸರಿಯಾಗಿ ಹೊಸೆದು ಹಾಕಲಿ. ನಾನು ಕಾಲು ಎತ್ತಿಕೊಂಡು ಕೂರೋದು ಇದೊಂದೇ ಸಲ."

ಚಾಕು ಕಂಬಳಿಯ ಕೆಳಗಿನಿಂದ ಜಾರಿ ನಾಯಿಯ ಬೆನ್ನ ಮೇಲೆ ಬಂತು. ರಾಯ್ಸ್ ಅದನ್ನು ತಡಕಿ ತೆಗೆದುಕೊಂಡು, ಸುಟ್ಟ ಬೆರಳಿನಿಂದ ಮೊದಲನೇ ತಂತಿಯ ಸಿಪ್ಪೆ ಸುಲಿಯತೊಡಗಿದ.